ಯರಿ ಮಣ್ಣಿಗೆ ಸಿಕ್ಕಿಕೊಳ್ಳುವ ಮುಂದಿನ ಮಡ್‌ಗಾರ್ಡನ್ನು ಮನೆಯಲ್ಲಿಯೇ ಕತ್ತರಿಸುವುದು ಹೇಗೆ?

ಡೋಣಿದಂಡೆ ರೈತ
ಎಲ್ಲರಿಗೂ ಶರಣು. ನಮ್ಮ ಹೊಲ ವಿಜಯಪುರ ಜಿಲ್ಲೆಯಲ್ಲಿ ಡೋಣಿ ನದಿಯ ದಂಡೆಗೆ ಇದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಹಿರಿಯರು ಹೊಗಳುವ ಆ ಕಪ್ಪು ಯರಿ ಭೂಮಿಯೇ ಮಳೆ ಬಿದ್ದ ಮರುದಿನ ಬೈಕಿಗೆ ಶತ್ರುವಾಗುತ್ತದೆ. ಕಳೆದ ಹಿಂಗಾರಿನಲ್ಲಿ, ಬಿಳಿಜೋಳದ ಬಿತ್ತನೆಗೆ ಮೊದಲು, ಹೊಲದಿಂದ ಹಾಲಿನ ಕ್ಯಾನ್ ಕಟ್ಟಿಕೊಂಡು ಚಕ್ಕಡಿ ದಾರಿಯಲ್ಲಿ ಬರುತ್ತಿದ್ದಾಗ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಟ್ಟಿಯಾಗಿ ತುಂಬಿಕೊಂಡು ಮುಂದಿನ ಗಾಲಿ ತಿರುಗುವುದನ್ನೇ ನಿಲ್ಲಿಸಿತು. ನಿಧಾನವಾಗಿಯೇ ಹೊರಟಿದ್ದರೂ ಬಿದ್ದೆ. ಮೊಣಕಾಲು ಹದಿನೈದು ದಿನ ಮಡಚಲು ಬರಲಿಲ್ಲ.

ನನ್ನದು 110 ಸಿಸಿ ಗಾಡಿ. ಮುಂದಿನ ಮಡ್‌ಗಾರ್ಡ್ ಪೂರ್ತಿ ಪ್ಲಾಸ್ಟಿಕ್‌ನದು, ಟೈರಿನ ಮೇಲೆ ಒಂದೂವರೆ ಬೆರಳು ಹಿಡಿಯುವಷ್ಟೇ ಸಂದು ಇದೆ. ಅದನ್ನು ಕತ್ತರಿಸಿ ಚಿಕ್ಕದು ಮಾಡಬೇಕೆಂದಿದ್ದೇನೆ. ಮನೆಯಲ್ಲಿ ಹ್ಯಾಕ್ಸಾ ಇದೆ, ಡ್ರಿಲ್ ಮಷಿನ್ ಇದೆ, ತಮ್ಮನ ಬಳಿ ನಾಲ್ಕು ಇಂಚಿನ ಗ್ರೈಂಡರ್ ಇದೆ. ಗ್ರೈಂಡರ್ ಹಿಡಿದು ಐದು ನಿಮಿಷದಲ್ಲಿ ಕತ್ತರಿಸಿದ ಒಂದು ಗಾಡಿಯನ್ನು ಸಂತೆಯಲ್ಲಿ ನೋಡಿದೆ. ಅದರ ಅಂಚು ಕರಗಿದ ಮೇಣದ ಹಾಗೆ ಗಂಟುಗಂಟಾಗಿತ್ತು. ಹಾಗಾಗುವುದು ನನಗೆ ಬೇಡ. ಯಾವ ಉಪಕರಣ ಬಳಸಬೇಕು, ಎಲ್ಲಿ ಎಷ್ಟು ತೆಗೆಯಬೇಕು, ಕತ್ತರಿಸಿದ ಮೇಲೆ ಸೀಳು ಬಾರದಂತೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಸಿಂದಗಿ ಸವಾರ
ಪೂರ್ತಿ ಬಿಚ್ಚಿ ಅಟ್ಟದ ಮೇಲೆ ಇಟ್ಟುಬಿಡಿ ಅಣ್ಣಾವರೇ. ನಾನು ಮೂರು ವರ್ಷದಿಂದ ಮುಂದಿನ ಮಡ್‌ಗಾರ್ಡ್ ಇಲ್ಲದೆಯೇ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ.

ಜಮಖಂಡಿ ಗ್ಯಾರೇಜ್
ಸಿಂದಗಿಯ ಸಹೋದರರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ಹಲವು ಗಾಡಿಗಳಲ್ಲಿ ಮಡ್‌ಗಾರ್ಡಿನ ಒಳಗೆ ಒಂದು ಕಬ್ಬಿಣದ ಕಮಾನುಪಟ್ಟಿ ಇರುತ್ತದೆ. ಅದು ಫೋರ್ಕಿನ, ಅಂದರೆ ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿಯುವ ಕವಲಿನ, ಎರಡು ಕಾಲುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ. ಅದನ್ನು ತೆಗೆದರೆ ಬ್ರೇಕ್ ಹಿಡಿದಾಗ ಮತ್ತು ಗುಂಡಿಗೆ ಬಿದ್ದಾಗ ಕಾಲುಗಳು ಬೇರೆ ಬೇರೆಯಾಗಿ ತಿರುಚಿಕೊಳ್ಳುತ್ತವೆ. ಇನ್ನೂ ಒಂದು ಮಾತು: ಬ್ರೇಕಿನ ಹೋಸ್ ಅಥವಾ ಕೇಬಲ್ಲನ್ನು ಹಿಡಿಯುವ ಕ್ಲಿಪ್ ಕೆಲವು ಗಾಡಿಗಳಲ್ಲಿ ಮಡ್‌ಗಾರ್ಡಿನ ಬೋಲ್ಟಿಗೇ ಇರುತ್ತದೆ. ಕ್ಲಿಪ್ ಇಲ್ಲದ ಹೋಸ್ ಜೋತುಬಿದ್ದು ಟೈರಿಗೆ ತಿಕ್ಕುತ್ತದೆ. ಮೂರು ವರ್ಷ ಏನೂ ಆಗಿಲ್ಲ ಎನ್ನುವುದು ಅದೃಷ್ಟ. ನಿಮ್ಮ ಹೋಸನ್ನು ಇವತ್ತೇ ಒಮ್ಮೆ ಬಗ್ಗಿ ನೋಡಿ.

ಉದ್ಯಮಬಾಗ ಫಿಟ್ಟರ್
ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್ ಕೆಲಸದಲ್ಲಿದ್ದೇನೆ. ಹಗಲೆಲ್ಲ ಬೀಡು ಮತ್ತು ಉಕ್ಕಿನ ಜೊತೆ ಇರುವವನಾದರೂ ಮನೆಯಲ್ಲಿ ನನ್ನ ಮತ್ತು ಗೆಳೆಯರ ಗಾಡಿಗಳ ಏಳೆಂಟು ಮಡ್‌ಗಾರ್ಡ್‌ಗಳನ್ನು ಕತ್ತರಿಸಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅದು ಯಾವ ಪ್ಲಾಸ್ಟಿಕ್ ಎಂದು ನೋಡಿಕೊಳ್ಳಿ. ಮಡ್‌ಗಾರ್ಡ್ ಬಿಚ್ಚಿ ಒಳಮೈಯನ್ನು ತೊಳೆದರೆ ಬಾಣದ ಗುರುತುಗಳ ನಡುವೆ ಪಿಪಿ ಎಂದೋ ಎಬಿಎಸ್ ಎಂದೋ ಅಚ್ಚಾಗಿರುತ್ತದೆ. ಪಿಪಿ ಬಾಗುತ್ತದೆ, ಮೈ ಸ್ವಲ್ಪ ಜಾರಿದಂತೆ ಇರುತ್ತದೆ, ಸುಲಭಕ್ಕೆ ಸೀಳುವುದಿಲ್ಲ. ಆದರೆ ಸೀಳಿದರೆ ಅದಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಎಬಿಎಸ್ ಗಡುಸು, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಅಂಟೂ ಹಿಡಿಯುತ್ತದೆ, ಆದರೆ ಜೋರಾಗಿ ಬಾಗಿಸಿದರೆ ಬಿರುಕು ಬಿಡುತ್ತದೆ. ಅಚ್ಚು ಕಾಣದಿದ್ದರೆ ಕಾಣದ ಮೂಲೆಯಿಂದ ಉಗುರಿನಷ್ಟು ಚೂರು ಕೆತ್ತಿ ನೀರಿನ ಲೋಟದಲ್ಲಿ ಹಾಕಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ.

ಉಪಕರಣದ ವಿಷಯಕ್ಕೆ ಬಂದರೆ, ನಿಮ್ಮ ಬಳಿ ಇರುವುದರಲ್ಲಿ ಹ್ಯಾಕ್ಸಾ ಎಲ್ಲಕ್ಕಿಂತ ಒಳ್ಳೆಯದು. ಇಂಚಿಗೆ 24 ಹಲ್ಲಿನ ಹೊಸ ಬ್ಲೇಡ್ ಹಾಕಿ. ಮಡ್‌ಗಾರ್ಡ್ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ ಇದ್ದರೆ, ಬ್ಲೇಡನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಮಲಗಿಸಿ ಎಳೆದಾಗ ಒಮ್ಮೆಗೆ ಹೆಚ್ಚು ಹಲ್ಲುಗಳು ಪ್ಲಾಸ್ಟಿಕ್ಕಿಗೆ ತಾಗುತ್ತವೆ, ಹಲ್ಲು ಸಿಕ್ಕಿಕೊಂಡು ಅಂಚು ಚಕ್ಕೆ ಏಳುವುದಿಲ್ಲ. ಹ್ಯಾಕ್ಸಾ ಫ್ರೇಮು ಒಳಗೆ ಹೋಗದ ಕಡೆ ಬ್ಲೇಡಿನ ಒಂದು ತುದಿಗೆ ಅರಿವೆ ಸುತ್ತಿ ಕೈಯಲ್ಲಿಯೇ ಹಿಡಿದು ಎಳೆಯಿರಿ. ಗೆರೆಯ ಮೇಲೆ ಕತ್ತರಿಸಬೇಡಿ. ಎರಡು ಮಿಲಿಮೀಟರ್ ಹೊರಗೆ ಕತ್ತರಿಸಿ, ಉಳಿದದ್ದನ್ನು ಅರದಿಂದ, ನಮ್ಮ ಕಡೆ ಕಾನಸು ಎನ್ನುತ್ತೇವಲ್ಲ, ಅದರಿಂದ ತೆಗೆಯಿರಿ.

ತಮ್ಮನವರ ಗ್ರೈಂಡರ್ ಅವರ ಮನೆಯಲ್ಲಿಯೇ ಇರಲಿ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಡಿಸ್ಕು ಪ್ಲಾಸ್ಟಿಕ್ಕನ್ನು ಕೊಯ್ಯುವುದಿಲ್ಲ, ಕರಗಿಸಿ ದೂಡುತ್ತದೆ. ಕರಗಿದ್ದು ಡಿಸ್ಕಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ನೀವು ಸಂತೆಯಲ್ಲಿ ಕಂಡ ಗಂಟು ಅದೇ.

ಮುಧೋಳ ತಮ್ಮ
ಸರ್, ಎಬಿಎಸ್ ಎಂದರೆ ಬ್ರೇಕ್ ಅಲ್ಲವೇ? ಮಡ್‌ಗಾರ್ಡಿಗೂ ಅದಕ್ಕೂ ಏನು ಸಂಬಂಧ?

ಉದ್ಯಮಬಾಗ ಫಿಟ್ಟರ್
ಎರಡೂ ಬೇರೆ ಬೇರೆ, ತಮ್ಮಾ. ಇಲ್ಲಿ ಹೇಳಿದ್ದು ಪ್ಲಾಸ್ಟಿಕ್ಕಿನ ಹೆಸರು. ಆದರೆ ನೀನು ಕೇಳಿದ್ದು ಒಳ್ಳೆಯದಾಯಿತು. ಎಬಿಎಸ್ ಬ್ರೇಕ್ ಇರುವ ಗಾಡಿಗಳಲ್ಲಿ ಮುಂದಿನ ಗಾಲಿಯ ಸೆನ್ಸಾರಿನ ವೈರು ಫೋರ್ಕಿನ ಕಾಲಿನ ಪಕ್ಕದಲ್ಲಿಯೇ ಬರುತ್ತದೆ. ಮಡ್‌ಗಾರ್ಡನ್ನು ಗಾಡಿಯ ಮೇಲೆಯೇ ಇಟ್ಟು ಗರಗಸ ಆಡಿಸುವವರು ಆ ವೈರನ್ನೂ ಕತ್ತರಿಸಿಬಿಡುತ್ತಾರೆ. ಬಿಚ್ಚಿಯೇ ಕೆಲಸ ಮಾಡಬೇಕು.

ಇಳಕಲ್ ಕಲ್ಲುಕೆಲಸ
ನಾವು ಇಳಕಲ್ಲಿನ ಕೆಂಪು ಗ್ರಾನೈಟ್ ಕೆಲಸದವರು. ಗ್ರೈಂಡರ್ ನಮಗೆ ಎಡಗೈ ಇದ್ದಂತೆ. ಆದ್ದರಿಂದ ಫಿಟ್ಟರ್ ಸಾಹೇಬರ ಮಾತಿಗೆ ಒಂದು ತಿದ್ದುಪಡಿ ಸೂಚಿಸುತ್ತೇನೆ. ತಪ್ಪು ಗ್ರೈಂಡರಿನದಲ್ಲ, ಅದಕ್ಕೆ ಹಾಕುವ ಡಿಸ್ಕಿನದು ಮತ್ತು ಒತ್ತುವ ಕೈಯದು. ನಾನು ತೆಳು ಕಟಿಂಗ್ ಡಿಸ್ಕ್ ಹಾಕಿ, ಒಂದೇ ಕಡೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಿಸದೆ, ಗೆರೆಯ ಉದ್ದಕ್ಕೂ ಹಗುರಾಗಿ ಐದಾರು ಸಲ ಎಳೆದು ಹಿಂದಿನ ಮಡ್‌ಗಾರ್ಡ್ ಕತ್ತರಿಸಿದ್ದೇನೆ. ಅಂಚು ಸ್ವಲ್ಪ ದಪ್ಪವಾಯಿತು, ಆದರೆ ಚಾಕುವಿನಿಂದ ಕೆರೆದಾಗ ಸರಿಹೋಯಿತು.

ಒಂದು ವಿಷಯದಲ್ಲಿ ಮಾತ್ರ ಕೈಮುಗಿದು ಹೇಳುತ್ತೇನೆ. ಬೇಗ ಕೊಯ್ಯುತ್ತದೆ ಎಂದು ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಯಾರೂ ಹಾಕಬಾರದು. ಹಲ್ಲು ಸಿಕ್ಕಿಕೊಂಡ ಕ್ಷಣಕ್ಕೆ ಯಂತ್ರ ಕೈಯಿಂದ ಹಾರಿ ತೊಡೆಗೋ ಕುತ್ತಿಗೆಗೋ ಬರುತ್ತದೆ. ನಮ್ಮ ಓಣಿಯಲ್ಲಿ ಒಬ್ಬನ ತೊಡೆಗೆ ಹೀಗೆಯೇ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಉದ್ಯಮಬಾಗ ಫಿಟ್ಟರ್
ನಿಮ್ಮ ಕೈ ಪಳಗಿದ ಕೈ, ಅಣ್ಣಾವರೇ. ಇಪ್ಪತ್ತು ವರ್ಷ ಕಲ್ಲಿನ ಮೇಲೆ ಗೆರೆ ಹಿಡಿದವರಿಗೆ ಐದಾರು ಸಲ ಹಗುರಾಗಿ ಎಳೆಯುವುದು ಸಾಧ್ಯ. ಮೊದಲ ಸಲ ಕತ್ತರಿಸುವವರಿಗೆ ಅದನ್ನು ಹೇಳಲು ನನಗೆ ಧೈರ್ಯವಿಲ್ಲ. ಹ್ಯಾಕ್ಸಾ ತಪ್ಪಿದರೆ ಒಂದು ಗೀರು ಬೀಳುತ್ತದೆ, ಗ್ರೈಂಡರ್ ತಪ್ಪಿದರೆ ಮಡ್‌ಗಾರ್ಡೇ ಹೋಗುತ್ತದೆ. ಯಂತ್ರವೇ ಬೇಕೆನ್ನುವವರು ಜಿಗ್‌ಸಾ, ಅಂದರೆ ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಕರೆಂಟಿನ ಗರಗಸ, ಬಳಸಲಿ. ಅದರ ವೇಗದ ಗುಂಡಿಯನ್ನು ಕೆಳಗೆ ಇಳಿಸಿ, ಬ್ಲೇಡು ಮುಂದೆ ಹಿಂದೆ ತೂಗುವ ವ್ಯವಸ್ಥೆಯನ್ನು ಸೊನ್ನೆಗೆ ಇಟ್ಟು, ಮಡ್‌ಗಾರ್ಡಿನ ಒಳಗೆ ಕಟ್ಟಿಗೆಯ ಆಸರೆ ಕೊಟ್ಟು ಕೊಯ್ದರೆ ಗೆರೆ ಚೆನ್ನಾಗಿ ಬರುತ್ತದೆ. ಡ್ರೆಮೆಲ್ ಬಗೆಯ ಚಿಕ್ಕ ರೋಟರಿ ಯಂತ್ರ ಇದ್ದವರೂ ಅದರ ಅತಿ ಕಡಿಮೆ ವೇಗದಲ್ಲಿಯೇ ಬಳಸಬೇಕು. ಅದನ್ನು ಪೂರ್ತಿ ಏರಿಸಿದರೆ ನಿಮಿಷಕ್ಕೆ 30,000 ಸುತ್ತು ದಾಟುತ್ತದೆ.

ಬಾಗಲಕೋಟೆ ಮೇಷ್ಟ್ರು
ನಾನು ಪಾಲಿಮರ್ ವಿಷಯ ಕಲಿಸುವವನು. ಫಿಟ್ಟರ್ ಸಾಹೇಬರು ಕರಗುತ್ತದೆ ಎಂದದ್ದಕ್ಕೆ ಸಣ್ಣ ವಿವರಣೆ ಕೊಡಲು ಅವಕಾಶ ಕೊಡಿ. ಪಾಲಿಪ್ರೊಪಿಲೀನ್, ಅಂದರೆ ಪಿಪಿ, ಸುಮಾರು 160ರಿಂದ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಜವಾಗಿಯೇ ಕರಗುತ್ತದೆ. ಎಬಿಎಸ್‌ಗೆ ಅಂಥ ನಿರ್ದಿಷ್ಟ ಕರಗುವ ಬಿಂದು ಇಲ್ಲ. ಅದು 105 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತ ಹೋಗುತ್ತದೆ. ಗರಗಸ ಅಷ್ಟು ಬಿಸಿಯಾಗುವುದೇ ಎಂದು ಆಶ್ಚರ್ಯವಾಗಬಹುದು. ಪ್ಲಾಸ್ಟಿಕ್ ಶಾಖವನ್ನು ಉಕ್ಕಿಗಿಂತ ನೂರಾರು ಪಟ್ಟು ನಿಧಾನವಾಗಿ ಸಾಗಿಸುವುದರಿಂದ, ತಿಕ್ಕಾಟದಲ್ಲಿ ಹುಟ್ಟಿದ ಬಿಸಿ ಸುತ್ತಲೂ ಹರಡದೆ ಹಲ್ಲು ತಾಗುವ ಕೂದಲೆಳೆಯಷ್ಟು ಜಾಗದಲ್ಲಿಯೇ ಕೂಡಿಕೊಳ್ಳುತ್ತದೆ. ಆದ್ದರಿಂದ ಒಂದು ಗಜ ಉದ್ದ ಕೊಯ್ಯುವುದರಲ್ಲಿ ನಾಲ್ಕು ಸಲ ನಿಂತು ಬ್ಲೇಡು ಆರಲು ಬಿಡುವುದು ವ್ಯರ್ಥ ಸಮಯವಲ್ಲ.

ನೀರಿನ ಸಾಂದ್ರತೆ 1, ಪಿಪಿಯದು ಸುಮಾರು 0.9, ಎಬಿಎಸ್‌ನದು 1.04ರ ಆಸುಪಾಸು. ಲೋಟದ ಪರೀಕ್ಷೆ ಆ ಕಾರಣಕ್ಕೆ ಸರಿಯಾದದ್ದು. ಚೂರಿಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಎಬಿಎಸ್ ಕೂಡ ತೇಲುವುದರಿಂದ ಬೆರಳಿನಿಂದ ಒಮ್ಮೆ ಮುಳುಗಿಸಿ ಬಿಡಬೇಕು. ಎಬಿಎಸ್ ಎಂದು ಖಚಿತವಾದರೆ ಅಂಚನ್ನು ಪೆಟ್ರೋಲ್ ಅಥವಾ ಥಿನ್ನರ್‌ನಿಂದ ಒರೆಸಬಾರದು. ಹೊಸದಾಗಿ ಕೊಯ್ದ ಅಂಚಿನಿಂದ ಸಣ್ಣ ಬಿರುಕುಗಳು ಏಳುತ್ತವೆ. ಸಾಬೂನಿನ ನೀರು ಸಾಕು.

ಖಾನಾಪುರ ಮಳೆ
ನಮ್ಮಲ್ಲಿ ಮಳೆ ಎಂದರೆ ಏನೆಂದು ವಿಜಯಪುರದವರಿಗೆ ಖಾನಾಪುರಕ್ಕೆ ಬಂದರೆ ತಿಳಿಯುತ್ತದೆ. ನಾನು ಎರಡು ವರ್ಷದ ಹಿಂದೆ ಮುಂದಿನ ಮಡ್‌ಗಾರ್ಡಿನ ಹಿಂಬದಿಯ ಬಾಲವನ್ನು ಅಂದಕ್ಕಾಗಿ ಮೂರು ಇಂಚು ಕತ್ತರಿಸಿದೆ. ಆ ಮಳೆಗಾಲದಲ್ಲಿ ಕೆಂಪು ರಾಡಿ ನೇರವಾಗಿ ಎಂಜಿನ್ನಿಗೆ ಸಿಡಿಯಿತು, ಹಾರ್ನ್ ಎರಡು ಸಲ ಕೆಟ್ಟಿತು, ಸ್ಪಾರ್ಕ್ ಪ್ಲಗ್ಗಿನ ಸುತ್ತ ಮಣ್ಣು ಗಟ್ಟಿಯಾಗಿ ಕೂತಿತು. ಕೊನೆಗೆ ಹಳೆಯ ಟ್ಯೂಬ್ ಕತ್ತರಿಸಿ ಬಾಲವನ್ನು ಮೊದಲಿದ್ದುದಕ್ಕಿಂತಲೂ ಉದ್ದ ಮಾಡಿಕೊಂಡೆ. ಮಡ್‌ಗಾರ್ಡ್ ಮಾಡಿದ್ದೇ ಮಣ್ಣು ತಡೆಯಲು, ಅದನ್ನು ಕತ್ತರಿಸುವ ಯೋಚನೆಯನ್ನೇ ಬಿಡಿ ಎಂದು ನನ್ನ ಸಲಹೆ.

ಡೋಣಿದಂಡೆ ರೈತ
ಖಾನಾಪುರದ ಸಹೋದರರೇ, ನಿಮ್ಮ ಕೆಂಪು ರಾಡಿ ಸಿಡಿಯುತ್ತದೆ, ನಮ್ಮ ಕಪ್ಪು ರಾಡಿ ಅಂಟುತ್ತದೆ. ಇವೆರಡೂ ಒಂದೇ ರೋಗವಲ್ಲ. ನಿಮ್ಮಲ್ಲಿ ನೀರು ಹೆಚ್ಚು, ಮಣ್ಣು ತೊಳೆದುಹೋಗುತ್ತದೆ. ನಮ್ಮಲ್ಲಿ ನೆಲ ಅರ್ಧ ಹಸಿಯಾಗಿದ್ದಾಗಲೇ ಕೆಟ್ಟದ್ದು. ನಾಲ್ಕು ಹೆಜ್ಜೆ ನಡೆದರೆ ಕಾಲಿಗೆ ಕಾಲೇ ಭಾರವಾಗುವಷ್ಟು ಮಣ್ಣು ಹತ್ತುತ್ತದೆ. ನಮ್ಮ ತಂದೆಯವರು ಚಕ್ಕಡಿಯ ಗಾಲಿಗೆ ಹತ್ತಿದ ಮಣ್ಣನ್ನು ಕುರ್ಪಿಯಿಂದ ಕೆರೆಯುತ್ತ ಬರುತ್ತಿದ್ದರು. ಚಕ್ಕಡಿಗೆ ಮಡ್‌ಗಾರ್ಡ್ ಇರಲಿಲ್ಲವಾದ್ದರಿಂದ ಗಾಲಿ ಎಂದೂ ನಿಲ್ಲುತ್ತಿರಲಿಲ್ಲ.

ಮಡ್‌ಗಾರ್ಡ್ ಬಿಚ್ಚಿ ತೊಳೆದು ನೋಡಿದೆ. ಪಿಪಿ ಎಂದು ಅಚ್ಚಾಗಿದೆ. ಚೂರೂ ತೇಲಿತು. ಒಳಗೆ ಕಬ್ಬಿಣದ ಕಮಾನುಪಟ್ಟಿ ಇದೆ, ಜಮಖಂಡಿಯವರು ಹೇಳಿದ್ದು ಸರಿ.

ಜಮಖಂಡಿ ಗ್ಯಾರೇಜ್
ಹಾಗಾದರೆ ಎಲ್ಲಿ ಎಷ್ಟು ಎಂಬ ಪ್ರಶ್ನೆಗೆ ಬರುತ್ತೇನೆ. ಇಷ್ಟು ಹೊತ್ತು ಎಲ್ಲರೂ ಹೇಗೆ ಕೊಯ್ಯಬೇಕು ಎಂದೇ ಬರೆದರು, ನನಗೆ ಕಾಣುವಂತೆ ಮುಖ್ಯ ಪ್ರಶ್ನೆ ಎಲ್ಲಿ ಎಂಬುದು.

ಗಾಡಿ ಮುಂದೆ ಹೋಗುವಾಗ ಟೈರಿನ ಹಿಂಭಾಗ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಅಂದರೆ ಮಣ್ಣು ಮಡ್‌ಗಾರ್ಡಿನ ಹಿಂದಿನ ಬಾಯಿಯಿಂದ ಒಳಗೆ ಹೊಕ್ಕು, ಮೇಲೆ ಹತ್ತಿ, ಮುಂದಿನ ಬಾಯಿಯಿಂದ ಹೊರಗೆ ಹೋಗಬೇಕು. ಹೋಗುವ ದಾರಿಯಲ್ಲಿ ಸಂದು ಕಿರಿದಾಗುತ್ತ ಹೋದರೆ ಮಣ್ಣು ಕೀಲು ಹೊಡೆದಂತೆ ಸಿಕ್ಕಿಕೊಳ್ಳುತ್ತದೆ, ಅಗಲವಾಗುತ್ತ ಹೋದರೆ ಉದುರುತ್ತದೆ. ನನ್ನ ಗ್ಯಾರೇಜಿಗೆ ಮಳೆಗಾಲದಲ್ಲಿ ಬರುವ ಗಾಡಿಗಳಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುವುದು ಯಾವಾಗಲೂ ಫೋರ್ಕಿನ ಎರಡು ಕಾಲುಗಳ ನಡುವಿನ ಇಕ್ಕಟ್ಟಿನಲ್ಲಿ, ಬೋಲ್ಟ್ ಮತ್ತು ಕಮಾನುಪಟ್ಟಿಯ ಬಳಿ. ತುದಿಗಳನ್ನು ಎಷ್ಟು ಕತ್ತರಿಸಿದರೂ ಆ ಇಕ್ಕಟ್ಟು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲು ಇಡೀ ಮಡ್‌ಗಾರ್ಡನ್ನು ಹತ್ತು ಹನ್ನೆರಡು ಮಿಲಿಮೀಟರ್ ಮೇಲೆ ಎತ್ತಬೇಕು. ಬೋಲ್ಟ್ ಮೇಲಿನಿಂದ ಕೆಳಕ್ಕೆ ಹೋಗುವ ಗಾಡಿಗೆ ದಪ್ಪ ವಾಶರ್ ಸಾಕು. ಪಕ್ಕದಿಂದ ಹೋಗುವ ಗಾಡಿಗೆ ಎರಡು ತೂತಿನ ಚಿಕ್ಕ ಕಬ್ಬಿಣದ ಪಟ್ಟಿಗಳನ್ನು ಮಾಡಿಸಬೇಕು, ಬೋಲ್ಟ್‌ಗಳೂ ಆ ಅಳತೆಗೆ ಉದ್ದವಾಗಬೇಕು.

ಆಮೇಲೆ ಕತ್ತರಿಸುವ ಕೆಲಸ. ಮುಂದಿನ ತುದಿಯಲ್ಲಿ ಎರಡೂವರೆ ಮೂರು ಇಂಚು ತೆಗೆಯಿರಿ, ಮಣ್ಣು ಹೊರಗೆ ಹೋಗುವ ಸುರಂಗ ಅಷ್ಟು ಕಿರಿದಾಗುತ್ತದೆ. ಟೈರಿನ ಎರಡೂ ಬದಿಗೆ ಇಳಿಬಿದ್ದಿರುವ ಕೆನ್ನೆಗಳನ್ನು ಫೋರ್ಕಿನ ಮುಂದೆ ಮಾತ್ರ ಕಡಿಮೆ ಮಾಡಿ. ಹಿಂದಿನ ಬಾಲವನ್ನು ಮುಟ್ಟಬೇಡಿ, ಅದಕ್ಕೆ ಖಾನಾಪುರದವರ ಅನುಭವವೇ ಸಾಕ್ಷಿ.

ಉದ್ಯಮಬಾಗ ಫಿಟ್ಟರ್
ಸುರಂಗ ಕಿರಿದಾಗುತ್ತದೆ ಎನ್ನಬೇಡಿ, ಗಿಡ್ಡವಾಗುತ್ತದೆ ಎನ್ನಿ. ಓದುವವರು ತಪ್ಪು ತಿಳಿಯುತ್ತಾರೆ. ಉಳಿದ ಮಾತೆಲ್ಲ ಒಪ್ಪುವಂಥದ್ದು. ನಾನು ಇಷ್ಟು ವರ್ಷ ಅಂದಕ್ಕಾಗಿ ಕತ್ತರಿಸಿದವನು, ಮಣ್ಣು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಯೋಚಿಸಿರಲಿಲ್ಲ.

ಆದರೆ ಕೆನ್ನೆಗಳ ಬಗ್ಗೆ ಒಂದು ಎಚ್ಚರಿಕೆ ಇದೆ. ಅಂಚಿನಲ್ಲಿ ಒಳಕ್ಕೆ ಮಡಚಿದ ಒಂದು ತುಟಿ ಇರುತ್ತದೆ. ಮಡ್‌ಗಾರ್ಡಿನ ಬಿಗಿ ಇರುವುದೇ ಆ ತುಟಿಯಲ್ಲಿ. ಅದನ್ನು ಪೂರ್ತಿ ಕೊಯ್ದುಬಿಟ್ಟರೆ ಉಳಿದ ಹಾಳೆ ಹಪ್ಪಳದ ಹಾಗೆ ಅಲುಗಾಡುತ್ತದೆ, ಮಣ್ಣಿನ ಭಾರಕ್ಕೆ ಟೈರಿನ ಮೇಲೆಯೇ ಬಾಗುತ್ತದೆ, ಕೊನೆಗೆ ಬೋಲ್ಟಿನ ತೂತಿನಿಂದ ಸೀಳುತ್ತದೆ. ಎಲ್ಲಿ ತುಟಿ ಹೋಗುತ್ತದೆಯೋ ಅಲ್ಲಿ ಕಬ್ಬಿಣದ ತಂತಿಯ ಬಿಗಿ ಇರುವ ರಬ್ಬರ್ ಬೀಡಿಂಗ್ ಒತ್ತಿ ಹಾಕಬೇಕು. ಕಾರಿನ ಬಾಗಿಲಿಗೆ ಹಾಕುತ್ತಾರಲ್ಲ, ಅಂಥದು.

ಸಿಂದಗಿ ಸವಾರ
ಹೋಸ್ ನೋಡಿದೆ. ಒಂದು ಕಡೆ ಮೇಲಿನ ರಬ್ಬರ್ ಸವೆದು ಒಳಗಿನ ಹೆಣಿಗೆ ಕಾಣುತ್ತಿದೆ. ಹೊಸದು ಹಾಕಿಸಲು ಕೊಟ್ಟಿದ್ದೇನೆ. ಜಮಖಂಡಿ ಅಣ್ಣಾವರಿಗೆ ಋಣಿ.

ತಾಳಿಕೋಟಿ ಗಾಳಿ
ಇಷ್ಟೆಲ್ಲ ಏಕೆ? ಗುಡ್ಡ ಹತ್ತುವ ಗಾಡಿಗಳಿಗೆ ಇರುವಂತೆ ಹೆಡ್‌ಲೈಟಿನ ಕೆಳಗೆ ಎತ್ತರದಲ್ಲಿ ಮಡ್‌ಗಾರ್ಡ್ ಹಾಕಿದರೆ ಮಣ್ಣಿನ ಸಮಸ್ಯೆಯೇ ಇರುವುದಿಲ್ಲ.

ಜಮಖಂಡಿ ಗ್ಯಾರೇಜ್
ಆ ಗಾಡಿಗಳ ಫೋರ್ಕ್ ಉದ್ದ, ಅದಕ್ಕೆ ತಕ್ಕ ಜಾಗವನ್ನು ಅವುಗಳಲ್ಲಿ ಮೊದಲೇ ಬಿಟ್ಟಿರುತ್ತಾರೆ. ಕೆಳಗಿನ ಮಡ್‌ಗಾರ್ಡ್ ಗಾಲಿಯ ಜೊತೆಗೇ ಮೇಲೆ ಕೆಳಗೆ ಹೋಗುವುದರಿಂದ ಅದರ ಸಂದು ಎಂದೂ ಬದಲಾಗುವುದಿಲ್ಲ. ಎತ್ತರದ ಮಡ್‌ಗಾರ್ಡ್ ನಿಂತಲ್ಲಿಯೇ ಇರುತ್ತದೆ, ಗಾಲಿ ಮಾತ್ರ ಮೇಲೆ ಬರುತ್ತದೆ. ಫೋರ್ಕ್ ಪೂರ್ತಿ ಒತ್ತಿದಾಗಿನ ದೂರಕ್ಕಿಂತ ಸಂದು ಹೆಚ್ಚಿರದಿದ್ದರೆ ಗುಂಡಿಗೆ ಬಿದ್ದ ಮೊದಲ ದಿನವೇ ಟೈರು ಪ್ಲಾಸ್ಟಿಕ್ಕಿಗೆ ಬಡಿದು ಗಾಲಿ ನಿಲ್ಲುತ್ತದೆ. 110 ಸಿಸಿ ಗಾಡಿಯ ಹೆಡ್‌ಲೈಟಿನ ಕೆಳಗೆ ಅಷ್ಟು ಜಾಗವಿಲ್ಲ. ಡೋಣಿದಂಡೆಯ ಅಣ್ಣನವರೂ ಹನ್ನೆರಡು ಮಿಲಿಮೀಟರ್ ಎತ್ತಿದ ಮೇಲೆ ಇಬ್ಬರು ಹ್ಯಾಂಡಲ್ ಮೇಲೆ ಭಾರ ಹಾಕಿ ಫೋರ್ಕ್ ಪೂರ್ತಿ ಒತ್ತಿ, ಮಡ್‌ಗಾರ್ಡಿನ ತಲೆ ಹಾರ್ನಿಗೋ ಫೋರ್ಕಿನ ಕಾಲುಗಳನ್ನು ಮೇಲೆ ಹಿಡಿಯುವ ಕ್ಲ್ಯಾಂಪಿಗೋ ತಾಗುತ್ತದೆಯೇ ಎಂದು ನೋಡಲೇಬೇಕು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಬೇಕು.

ಗುಳೇದಗುಡ್ಡ ಟೇಲರ್ ಅಕ್ಕ
ಗಾಡಿಯ ವಿಷಯ ನನಗೆ ತಿಳಿಯದು. ಮನೆಯವರು ಓದಿ ಹೇಳುತ್ತಿದ್ದುದನ್ನು ಕೇಳಿ ಬರೆಯುತ್ತಿದ್ದೇನೆ. ನಾನು ಖಣದ ರವಿಕೆ ಹೊಲಿಯುವವಳು. ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರಬೇಕಾದರೆ ಬಟ್ಟೆಯ ಮೇಲೆ ನೇರವಾಗಿ ಗೆರೆ ಎಳೆಯಬಾರದು. ಉಬ್ಬಿದ ಮೈ ಮೇಲೆ ಕಣ್ಣು ಮೋಸ ಮಾಡುತ್ತದೆ. ಮೊದಲು ಮಡ್‌ಗಾರ್ಡಿನ ನಟ್ಟನಡುವೆ ಉದ್ದಕ್ಕೆ ಒಂದು ಟೇಪ್ ಅಂಟಿಸಿರಿ. ದಪ್ಪ ಕಾಗದವನ್ನು ಎರಡು ಮಡಿಕೆ ಮಾಡಿ, ಅರ್ಧ ಆಕಾರ ಬರೆದು, ಮಡಚಿದಂತೆಯೇ ಕತ್ತರಿಸಿ ಬಿಚ್ಚಿದರೆ ಎರಡೂ ಬದಿ ತಂತಾನೇ ಸಮ ಬರುತ್ತವೆ. ಮಡಿಕೆಯ ಗೆರೆಯನ್ನು ನಡುವಿನ ಟೇಪಿನ ಮೇಲೆ ಕೂಡಿಸಿ ಗುರುತು ಹಾಕಿರಿ. ಕಾಗದ ಉಬ್ಬಿಗೆ ಕೂಡದಿದ್ದರೆ ಅಂಚಿನಿಂದ ಎರಡು ಮೂರು ಕಡೆ ಸಣ್ಣ ಕಚ್ಚು ಕೊಡಿರಿ, ಕೂಡುತ್ತದೆ.

ಉದ್ಯಮಬಾಗ ಫಿಟ್ಟರ್
ಅಕ್ಕಾವರೇ, ಈ ಮಾತಿಗೆ ನಮಸ್ಕಾರ. ನಾನು ಇಷ್ಟು ದಿನ ಸ್ಕೇಲಿನಿಂದ ಎರಡೂ ಬದಿ ಬೇರೆ ಬೇರೆಯಾಗಿ ಅಳೆಯುತ್ತಿದ್ದೆ, ಪ್ರತಿ ಸಲವೂ ಎರಡು ಮೂರು ಮಿಲಿಮೀಟರ್ ಹೆಚ್ಚು ಕಡಿಮೆ ಆಗುತ್ತಿತ್ತು.

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಗುರುತು ಹಾಕುವ ಮೊದಲು ಇಡೀ ಜಾಗಕ್ಕೆ ಒಳಗೂ ಹೊರಗೂ ಮಾಸ್ಕಿಂಗ್ ಟೇಪ್ ಅಂಟಿಸಿ. ಗೆರೆಯೂ ಕಾಣುತ್ತದೆ, ಗರಗಸ ಜಾರಿದರೆ ಗೀರೂ ಬೀಳುವುದಿಲ್ಲ. ಗೆರೆ ಒಳಮೂಲೆಗೆ ತಿರುಗುವ ಕಡೆಯಲ್ಲೆಲ್ಲ ಮೊದಲು ಎಂಟು ಮಿಲಿಮೀಟರಿನ ತೂತು ಕೊರೆಯಿರಿ, ಆಮೇಲೆ ತೂತಿನಿಂದ ತೂತಿಗೆ ಕೊಯ್ಯಿರಿ. ಚೂಪಾದ ಒಳಮೂಲೆ ಬಿಟ್ಟರೆ ಎಳೆತವೆಲ್ಲ ಅಲ್ಲಿಯೇ ಕೂಡಿ ಸೀಳು ಹುಟ್ಟುತ್ತದೆ. ಡ್ರಿಲ್ಲನ್ನು ನಿಧಾನಕ್ಕೆ ತಿರುಗಿಸಿ, ಹಿಂದೆ ಕಟ್ಟಿಗೆ ಇಟ್ಟುಕೊಳ್ಳಿ, ಮೊದಲು ಮೂರರ ಬಿಟ್, ಆಮೇಲೆ ಎಂಟರದು.

ರಬಕವಿ ನೂಲು
ಹೊಲದಲ್ಲಿ ಪೈಪ್ ಕತ್ತರಿಸಲು ನೈಲಾನ್ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ತಿಕ್ಕುತ್ತೇವೆ, ಸರಸರನೆ ಹೋಗುತ್ತದೆ. ಮಡ್‌ಗಾರ್ಡಿಗೂ ಅದನ್ನೇ ಮಾಡಬಹುದಲ್ಲ?

ಬಾಗಲಕೋಟೆ ಮೇಷ್ಟ್ರು
ದಾರ ಕತ್ತರಿಸುವುದು ತಿಕ್ಕಾಟದ ಬಿಸಿಯಿಂದ. ಪಿವಿಸಿ ಪೈಪು ದುಂಡಗಿದ್ದು ದಾರ ಸುತ್ತಲು ಅನುಕೂಲ, ಅದರ ಅಂಚು ಹೇಗಿದ್ದರೂ ಕಪ್ಲರ್ ಒಳಗೆ ಮುಚ್ಚಿಹೋಗುತ್ತದೆ. ಮಡ್‌ಗಾರ್ಡಿನ ಅಂಚು ಎದುರಿಗೇ ಕಾಣುವಂಥದ್ದು, ದಾರ ಗೆರೆ ಬಿಟ್ಟು ಸರಿಯುತ್ತದೆ. ಬೇಡ.

ಬೆಳಗಾವಿ ಕಾಲೇಜು
ಎಲ್ಲರೂ ಮುಂದಿನದರ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಹಿಂದಿನ ಮಡ್‌ಗಾರ್ಡ್ ಪೂರ್ತಿ ಕತ್ತರಿಸಿ ನಂಬರ್ ಪ್ಲೇಟನ್ನು ಸೀಟಿನ ಕೆಳಗೆ ಹಾಕಿಸಬೇಕೆಂದಿದ್ದೇನೆ. ನೋಡಲು ಬಹಳ ಚೆನ್ನಾಗಿರುತ್ತದೆ. ಆರ್‌ಟಿಒ ಅವರು ಹಿಡಿಯುತ್ತಾರೆಯೇ?

ವಿಜಯಪುರ ವಕೀಲೆ
ತಮ್ಮಾ, ಹಿಡಿಯುತ್ತಾರೆಯೇ ಎಂದು ಕೇಳುವ ಮೊದಲು ಕಾನೂನು ಏನು ಹೇಳುತ್ತದೆ ಎಂದು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡು ಎಂಬ ಪದವನ್ನು ವಾಹನದ ರಚನೆಯಲ್ಲಿ ಮೂಲ ಲಕ್ಷಣವೇ ಬದಲಾಗುವಂಥ ಬದಲಾವಣೆ ಎಂದು ವಿವರಿಸುತ್ತದೆ. ಕೆಸರಿಗಾಗಿ ಮುಂದಿನ ಮಡ್‌ಗಾರ್ಡಿನ ಅಂಚನ್ನು ಮೂರು ಇಂಚು ಕಡಿಮೆ ಮಾಡುವುದು ಆ ಅರ್ಥದಲ್ಲಿ ಬರುತ್ತದೆ ಎಂದು ನನಗೆ ಅನಿಸುವುದಿಲ್ಲ. ಆದರೆ ನೀನು ಹೇಳುವುದು ಬೇರೆ. ಹಿಂದಿನ ಮಡ್‌ಗಾರ್ಡಿನ ಮೇಲೆ ನಂಬರ್ ಪ್ಲೇಟ್, ಅದರ ದೀಪ, ಕೆಂಪು ರಿಫ್ಲೆಕ್ಟರ್ ಮತ್ತು ಇಂಡಿಕೇಟರ್ ಎಲ್ಲವೂ ಇರುತ್ತವೆ. ಇವೆಲ್ಲಕ್ಕೂ ನಿಯಮಗಳಿವೆ. 200ಕ್ಕೆ 100 ಮಿಲಿಮೀಟರ್ ಅಳತೆಯ ಹಿಂದಿನ ಅತಿ ಸುರಕ್ಷಿತ ಪ್ಲೇಟನ್ನು ಮತ್ತೆ ಬಿಚ್ಚಲಾಗದಂಥ ಲಾಕಿನಿಂದ ಕೂಡಿಸಿರುತ್ತಾರೆ. ಅದನ್ನು ಮುರಿಯದೆ ಜಾಗ ಬದಲಿಸಲು ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಹಿಂದೆ ಕೂರುವವರ ಸೀರೆ ಗಾಲಿಗೆ ಸಿಗದಂತೆ ತಡೆಯುವ ಪಟ್ಟಿಯನ್ನೂ ಅಂದಕ್ಕಾಗಿ ಕಿತ್ತೆಸೆಯುವ ಹುಡುಗರನ್ನು ಕಂಡಿದ್ದೇನೆ. ಅದೂ ನಿಯಮದಲ್ಲಿಯೇ ಇರುವಂಥದ್ದು. ನಿನ್ನ ತಾಯಿಯವರು ಆ ಗಾಡಿಯ ಹಿಂದೆ ಕೂರುವವರು ಎಂಬುದನ್ನು ನೆನಪಿಡು.

ಬೆಳಗಾವಿ ಕಾಲೇಜು
ಸರಿ ಅಕ್ಕಾ. ನಂಬರ್ ಪ್ಲೇಟಿನ ಗೋಜಿಗೆ ಹೋಗುವುದಿಲ್ಲ.

ಅಥಣಿ ಸಿಸ್ಟರ್
ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಕಣ್ಣಿನ ಮಾತನ್ನು ಇಲ್ಲಿ ಒಬ್ಬರೂ ಎತ್ತದಿರುವುದು ನೋಡಿ ಬರೆಯುತ್ತಿದ್ದೇನೆ. ಕಬ್ಬಿಣದ ಕಿಡಿಗೆ ಹೆದರಿ ಕನ್ನಡಕ ಹಾಕುವವರೂ ಪ್ಲಾಸ್ಟಿಕ್ ಎಂದರೆ ಹಗುರಾಗಿ ತೆಗೆದುಕೊಳ್ಳುತ್ತಾರೆ. ಯಂತ್ರದಿಂದ ಹಾರುವ ಪ್ಲಾಸ್ಟಿಕ್ ಚೂರು ಬಿಸಿಯಾಗಿರುತ್ತದೆ, ಪಾರದರ್ಶಕವಾಗಿದ್ದರೆ ಕಣ್ಣಿನಲ್ಲಿ ಹುಡುಕುವುದೂ ಕಷ್ಟ. ನನ್ನ ಸ್ವಂತ ತಮ್ಮ ಹೀಗೆ ಕಣ್ಣು ಉಜ್ಜಿಕೊಂಡು ಕರಿಗುಡ್ಡೆಯ ಮೇಲೆ ಗೀರು ಮಾಡಿಕೊಂಡಿದ್ದ. ಬದಿ ಮುಚ್ಚಿದ ಕನ್ನಡಕ ಹಾಕಿರಿ, ಅರ ಮತ್ತು ಪಾಲಿಶ್ ಪೇಪರ್ ಹಿಡಿದಾಗ ಮಾಸ್ಕ್ ಹಾಕಿರಿ. ತಿರುಗುವ ಡ್ರಿಲ್ ಹಿಡಿದಾಗ ಕೈಗವಸು ಬೇಡ, ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲನ್ನೂ ತೆಗೆದಿಡಿ.

ಇಳಕಲ್ ಕಲ್ಲುಕೆಲಸ
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನೇ ಮೊದಲು ಹೇಳಬೇಕಾಗಿತ್ತು.

ಡೋಣಿದಂಡೆ ರೈತ
ಎಲ್ಲರಿಗೂ ಶರಣು. ಕೆಲಸ ಮುಗಿದು ಮೂರು ವಾರವಾಯಿತು, ಒಂದು ಮಳೆಯನ್ನೂ ಕಂಡಾಯಿತು, ಆದ್ದರಿಂದ ವಿವರ ತಿಳಿಸುತ್ತಿದ್ದೇನೆ.

ಬಿಸಿಲು ಏರಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಗರಗಸಕ್ಕೆ ಅಂಟುತ್ತದೆ ಎಂದು ತಮ್ಮ ಹೇಳಿದ್ದರಿಂದ ಬೆಳಿಗ್ಗೆ ಆರಕ್ಕೆ ಬೇವಿನ ಗಿಡದ ಕೆಳಗೆ ಕುಳಿತೆವು. ಅಕ್ಕಾವರು ಹೇಳಿದಂತೆ ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ ಮಾದರಿ ಮಾಡಿದೆವು. ಮುಂದಿನ ತುದಿಯಿಂದ 70 ಮಿಲಿಮೀಟರ್, ಫೋರ್ಕಿನ ಮುಂದಿನ ಕೆನ್ನೆಗಳಿಂದ ಎರಡೂ ಬದಿ 20 ಮಿಲಿಮೀಟರ್ ತೆಗೆದೆವು. ಮೂಲೆಗಳಲ್ಲಿ ಎಂಟರ ತೂತು, ಆಮೇಲೆ ಹ್ಯಾಕ್ಸಾ. ಕೊಯ್ಯಲು ಮುಕ್ಕಾಲು ಗಂಟೆ, ಅಂಚು ತಿದ್ದಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಪಿಪಿಯನ್ನು ಅರದಿಂದ ಉಜ್ಜಿದಾಗ ಅಂಚಿನಲ್ಲಿ ನೂಲಿನಂತೆ ಎಳೆಗಳು ಏಳುತ್ತವೆ ಎಂದು ಯಾರೂ ಹೇಳಿರಲಿಲ್ಲ. ಚಾಕುವಿನ ಬಾಯನ್ನು ಅಂಚಿಗೆ ನೆಟ್ಟಗೆ ಹಿಡಿದು ಒಂದೇ ದಿಕ್ಕಿಗೆ ಕೆರೆದಾಗ ಅವು ಸುರುಳಿಯಾಗಿ ಕಿತ್ತುಬಂದವು. ಆಮೇಲೆ 120ರ ಮತ್ತು 240ರ ಪಾಲಿಶ್ ಪೇಪರ್ ಹಿಡಿದೆವು. ಎಡಬದಿಯಲ್ಲಿ ಒಂದು ಕಡೆ ಹ್ಯಾಕ್ಸಾ ಗೆರೆಯ ಒಳಗೆ ಹೋಗಿ ತಗ್ಗು ಬಿದ್ದಿದೆ. ಬೀಡಿಂಗ್ ಅದನ್ನು ಮುಚ್ಚಿದೆ, ಆದರೂ ನನ್ನ ಕಣ್ಣಿಗೆ ಮಾತ್ರ ದಿನವೂ ಕಾಣುತ್ತದೆ.

ಎತ್ತರಿಸಲು ಊರಿನ ಕಮ್ಮಾರರು ಮೂರು ಮಿಲಿಮೀಟರ್ ದಪ್ಪದ ನಾಲ್ಕು ಪಟ್ಟಿ ಮಾಡಿಕೊಟ್ಟರು. ಹನ್ನೆರಡು ಮಿಲಿಮೀಟರ್ ಎತ್ತಿದಾಗ ಫೋರ್ಕ್ ಪೂರ್ತಿ ಒತ್ತಿದರೆ ಹಾರ್ನಿಗೆ ತಾಗುತ್ತಿತ್ತು, ಆದ್ದರಿಂದ ಹತ್ತಕ್ಕೆ ಇಳಿಸಿದೆವು. ಹೋಸಿನ ಕ್ಲಿಪ್ಪನ್ನು ಮೊದಲಿನ ಜಾಗದಲ್ಲಿಯೇ ಕೂಡಿಸಿದೆ.

ಹೋದ ವಾರ ಮಳೆಯಾದ ಮರುದಿನ ಅದೇ ದಾರಿಯಲ್ಲಿ ಹೋದೆ. ಮಣ್ಣು ಹತ್ತುವುದು ನಿಂತಿಲ್ಲ. ಮೊದಲಾದರೆ ಅರ್ಧ ಕಿಲೋಮೀಟರಿಗೆ ಗಾಲಿ ಬಿಗಿಯುತ್ತಿತ್ತು. ಈ ಸಲ ಹಳ್ಳದ ಏರಿನವರೆಗೆ ಹೋಗಿ ಒಮ್ಮೆ ಇಳಿದು, ಮುಂದಿನ ಬಾಯಿಯಿಂದ ಕುರ್ಪಿ ಹಾಕಿ ಎಳೆದೆ. ಮಣ್ಣು ಹೋಳಾಗಿ ಹೊರಗೆ ಬಂತು, ಬೋಲ್ಟ್ ಬಿಚ್ಚುವ ಕೆಲಸ ಬೀಳಲಿಲ್ಲ. ಹಾಲು ಡೈರಿಗೆ ಸಮಯಕ್ಕೆ ಮುಟ್ಟಿತು.

ಖಾನಾಪುರ ಮಳೆ
ಓದಿ ಸಂತೋಷವಾಯಿತು. ಕತ್ತರಿಸಲೇಬೇಡಿ ಎಂದ ನನ್ನ ಮಾತು ನಿಮ್ಮ ನೆಲಕ್ಕೆ ಹೊಂದುವುದಿಲ್ಲ ಎಂದು ಒಪ್ಪುತ್ತೇನೆ. ಮುಂದಿನ ತುದಿ ಗಿಡ್ಡವಾದ ಮೇಲೆ ನೀರು ನಿಂತ ಡಾಂಬರು ರಸ್ತೆಯಲ್ಲಿ ಮುಖಕ್ಕೆ ಸಿಡಿಯುತ್ತದೆಯೇ?

ಡೋಣಿದಂಡೆ ರೈತ
ನಲವತ್ತರ ವೇಗದವರೆಗೆ ಇಲ್ಲ. ಅದಕ್ಕಿಂತ ಮೇಲೆ ಹೋದರೆ ಹೆಡ್‌ಲೈಟಿನ ಗಾಜಿಗೆ ಹನಿ ಬರುತ್ತದೆ, ಮುಖಕ್ಕೆ ಇನ್ನೂ ಬಂದಿಲ್ಲ.

ಮುಧೋಳ ತಮ್ಮ
ಅಣ್ಣಾವರೇ, ಬೀಡಿಂಗ್ ಯಾವ ಅಳತೆಯದು ತಂದಿರಿ? ನಮ್ಮ ಕಬ್ಬಿನ ಹೊಲದ ದಾರಿಯೂ ಹಾಗೆಯೇ ಇದೆ.

ಡೋಣಿದಂಡೆ ರೈತ
ಮೂರು ಮಿಲಿಮೀಟರ್ ದಪ್ಪದ ಹಾಳೆಗೆ ಕೂಡುವಂಥದ್ದು ಎಂದು ಕೇಳಿ, ಒಳಗೆ ತಂತಿಯ ಬಿಗಿ ಇದೆಯೇ ಎಂದು ಒತ್ತಿ ನೋಡಿ ತೆಗೆದುಕೋ. ನನಗೆ ಒಂದೂವರೆ ಮೀಟರ್ ಸಾಕಾಯಿತು. ಕತ್ತರಿಸಿದ ಚೂರನ್ನು ಅಂಗಡಿಗೆ ಒಯ್ದು ಅದರ ಮೇಲೆಯೇ ಹಾಕಿ ನೋಡಿದರೆ ಇನ್ನೂ ಒಳ್ಳೆಯದು.